ಒಂದೇ ಪ್ಯಾರಾ, ಎರಡು ವಾದ: ಪಾಲಿನ ದಾವೆಯೊಂದರ ಪ್ರಕರಣ ಅಧ್ಯಯನ

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕಿನ ಕುಟುಂಬಕ್ಕೆ ಸಂಬಂಧಿಸಿದ ಮೇಲ್ಮನವಿಯೊಂದರಲ್ಲಿ ಉಭಯ ಪಕ್ಷಗಳೂ ಸರ್ವೋಚ್ಚ ನ್ಯಾಯಾಲಯದ ಒಂದೇ ತೀರ್ಪನ್ನು, ಅದರಲ್ಲೂ ಒಂದೇ ಪ್ಯಾರಾವನ್ನು, ತಮ್ಮ ತಮ್ಮ ಪರವಾಗಿ ಓದಿದವು. ನ್ಯಾಯಾಲಯದಲ್ಲಿ ಪೂರ್ವನಿದರ್ಶನಗಳನ್ನು ಹೇಗೆ ಉಲ್ಲೇಖಿಸಬೇಕೆಂಬ ಪ್ರಶ್ನೆಗೆ ಈ ಕಡತ ಒಳ್ಳೆಯ ಉದಾಹರಣೆಯಾದ್ದರಿಂದ ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಪಕ್ಷಗಾರರ ಹೆಸರು, ಗ್ರಾಮ, ಸರ್ವೆ ನಂಬರುಗಳನ್ನು ಕೈಬಿಟ್ಟಿದ್ದೇನೆ. ಕಾನೂನಿನ ಪ್ರಶ್ನೆಗೆ ಧಕ್ಕೆಯಾಗದ ಕಡೆ ವಿಸ್ತೀರ್ಣವನ್ನೂ ಕೆಲವು ಇಸವಿಗಳನ್ನೂ ಬದಲಿಸಿದ್ದೇನೆ. ಉಲ್ಲೇಖಿತ ತೀರ್ಪುಗಳ ಹೆಸರು, ದಿನಾಂಕಗಳು ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

ತಂದೆ 1999ರಲ್ಲಿ ಮರಣಶಾಸನ ಬರೆಯದೆ ತೀರಿಕೊಂಡರು. ತಾಯಿ ಅದಕ್ಕೆ ಮೊದಲೇ ತೀರಿದ್ದರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಆಗ ಆ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆಸ್ತಿಯೆಂದರೆ ಆರು ಎಕರೆ ಪಿತ್ರಾರ್ಜಿತ ಜಮೀನು, ಅದರಲ್ಲಿ ಅರ್ಧದಷ್ಟು ಮಾವಿನ ತೋಪು, ಮತ್ತು ಊರೊಳಗಿನ ಒಂದು ಮನೆ. ಇದಲ್ಲದೆ ಒಂದು ಸಣ್ಣ ಸರ್ವೆ ನಂಬರನ್ನು ಹಿರಿಯ ಮಗ 2002ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಹೊರಗಿನವರಿಗೆ ಮಾರಿದ್ದರು.

ಹೆಣ್ಣುಮಕ್ಕಳಿಬ್ಬರ ಮದುವೆಯೂ 1994ಕ್ಕೆ ಮೊದಲೇ ಆಗಿತ್ತು ಎಂಬ ವಿವರ ಈ ಪ್ರಕರಣದಲ್ಲಿ ಸಣ್ಣದಲ್ಲ. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಾಗ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲಿನ ಹಕ್ಕು ಕೊಟ್ಟಿತಾದರೂ, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಆ ಅಂತರವನ್ನು ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಹೀಗಾಗಿ ಈ ಅಕ್ಕತಂಗಿಯರಿಗೆ ಸಮಪಾಲು ದೊರೆಯುವುದಾದರೆ ಅದು ಕೇಂದ್ರದ ತಿದ್ದುಪಡಿಯಾದ ಆರನೇ ಕಲಮಿನ ಮೂಲಕವೇ ಹೊರತು ಬೇರೆ ದಾರಿ ಇರಲಿಲ್ಲ.

ಹಿರಿಯ ಮಗಳು 2011ರಲ್ಲಿ ದಾವೆ ಹೂಡಿದರು; ತಂಗಿಯನ್ನೂ ಪ್ರತಿವಾದಿಯಾಗಿ ಸೇರಿಸಿದರು. ಅಣ್ಣತಮ್ಮಂದಿರ ಉತ್ತರ ನಮ್ಮ ಭಾಗದ ಪಾಲಿನ ದಾವೆಗಳಲ್ಲಿ ಮಾಮೂಲಾಗಿ ಕಾಣುವಂಥದ್ದೇ: 1996ರಲ್ಲಿ, ತಂದೆ ಬದುಕಿರುವಾಗಲೇ, ಪಂಚಾಯ್ತಿದಾರರ ಸಮ್ಮುಖದಲ್ಲಿ ಬಾಯಿಮಾತಿನ ವಿಭಾಗವಾಗಿದೆ, ತಂದೆ ತಮ್ಮ ಪಾಲನ್ನೂ ಗಂಡುಮಕ್ಕಳಿಗೇ ಬಿಟ್ಟುಕೊಟ್ಟಿದ್ದಾರೆ, ಅದರಂತೆ ಖಾತೆ ಬದಲಾಗಿ ಪಹಣಿಗಳು ಬೇರೆ ಬೇರೆಯಾಗಿ ಬರುತ್ತಿವೆ.

ವಿಚಾರಣೆಯ ನಡುವೆ ಬದಲಾದ ಕಾನೂನು

ದಾವೆ ಸಾಕ್ಷ್ಯದ ಹಂತದಲ್ಲಿರುವಾಗ, 2015ರ ಅಕ್ಟೋಬರ್ 16ರಂದು, ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠ ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಇಬ್ಬರೂ ಬದುಕಿದ್ದರೆ ಮಾತ್ರ ಮಗಳಿಗೆ ಹೊಸ ಕಲಮಿನ ಹಕ್ಕು ಎಂಬುದು ಅದರ ಸಾರ. ನಮ್ಮ ಪ್ರಕರಣದಲ್ಲಿ ತಂದೆ ತೀರಿದ್ದು 1999ರಲ್ಲಿ. ವಿಚಾರಣಾ ನ್ಯಾಯಾಲಯಕ್ಕೆ ಸಂವಿಧಾನದ 141ನೇ ಅನುಚ್ಛೇದದ ಅಡಿಯಲ್ಲಿ ಆ ತೀರ್ಪು ಬದ್ಧ. 2017ರಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಬಾಯಿಮಾತಿನ ವಿಭಾಗ ರುಜುವಾತಾಗಿಲ್ಲವೆಂದು ಹೇಳಿದರಾದರೂ, ಫೂಲವತಿ ತೀರ್ಪಿನಂತೆ ಹಳೆಯ ಆರನೇ ಕಲಮನ್ನೇ ಅನ್ವಯಿಸಿ, ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಕಾಲ್ಪನಿಕ ವಿಭಾಗ ಮಾಡಿ (ಅಂದರೆ ತಂದೆ ತೀರುವ ಮುನ್ನವೇ ವಿಭಾಗವಾಗಿತ್ತೆಂದು ಭಾವಿಸಿ), ತಂದೆಯ ಮೂರನೇ ಒಂದು ಭಾಗವನ್ನು ನಾಲ್ವರು ಮಕ್ಕಳಿಗೂ ಹಂಚಿದರು. ಮಗಳಿಗೆ ಬಂದದ್ದು ಹನ್ನೆರಡನೇ ಒಂದು ಭಾಗ. ಆರು ಎಕರೆಯಲ್ಲಿ ಅದು ಇಪ್ಪತ್ತು ಗುಂಟೆ. ಸಮಪಾಲಾಗಿದ್ದರೆ ಒಂದೂವರೆ ಎಕರೆ ಬರುತ್ತಿತ್ತು.

ಮೊದಲ ತಿರುವು ಇಲ್ಲೇ ಇದೆ. ಸರ್ವೋಚ್ಚ ನ್ಯಾಯಾಲಯದ ತೀರ್ಪು ಇಷ್ಟು ನೇರವಾಗಿ ವಿರುದ್ಧವಾಗಿರುವಾಗ ಮೇಲ್ಮನವಿ ಹಾಕಿ ಖರ್ಚು ಮಾಡುವುದೇಕೆ ಎಂದು ಕಕ್ಷಿದಾರರಾದ ಹಿರಿಯ ಮಗಳ ಮನೆಯವರು ಕೇಳಿದ್ದು ಸಹಜವೇ. ಆದರೂ ಅವರ ವಕೀಲರು ಮೂವತ್ತು ದಿನಗಳ ಕಾಲಮಿತಿಯೊಳಗೆ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಲು ಸಲಹೆ ಕೊಟ್ಟರು. ಅವರ ಲೆಕ್ಕಾಚಾರ ಹೀಗಿತ್ತು: ಈ ಪ್ರಶ್ನೆಯ ಮೇಲೆ ಭಿನ್ನಾಭಿಪ್ರಾಯ ಇನ್ನೂ ತಣ್ಣಗಾಗಿಲ್ಲ, ಮುಂದೆ ಕಾನೂನು ಬದಲಾಗಿ ಘೋಷಿತವಾದರೆ ಬಾಕಿ ಇರುವ ಮೇಲ್ಮನವಿಗೆ ಅದರ ಲಾಭ ದೊರೆಯುತ್ತದೆ, ಆದರೆ ಮೇಲ್ಮನವಿ ಇಲ್ಲದೆ ಡಿಕ್ರಿ ಅಂತಿಮವಾಗಿಬಿಟ್ಟರೆ ಪುನರ್ವಿಮರ್ಶೆಯ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ತೀರ್ಪು ಆಧರಿಸಿದ ಕಾನೂನಿನ ನಿಲುವನ್ನು ಮೇಲಿನ ನ್ಯಾಯಾಲಯ ನಂತರ ಬೇರೊಂದು ಪ್ರಕರಣದಲ್ಲಿ ತಿರುಗಿಸಿದ್ದು ಪುನರ್ವಿಮರ್ಶೆಗೆ ಕಾರಣವಾಗದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶದ ಒಂದನೇ ನಿಯಮದ ವಿವರಣೆಯೇ ಹೇಳುತ್ತದೆ. ಅಣ್ಣತಮ್ಮಂದಿರು ತಮ್ಮ ಕಡೆಯಿಂದ, ಬಾಯಿಮಾತಿನ ವಿಭಾಗ ರುಜುವಾತಾಗಿಲ್ಲವೆಂಬ ತೀರ್ಮಾನದ ವಿರುದ್ಧ ಅಡ್ಡ ಆಕ್ಷೇಪಣೆ ಸಲ್ಲಿಸಿದರು.

2018ರ ಫೆಬ್ರವರಿ 1ರಂದು ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ಇನ್ನೊಂದು ದ್ವಿಸದಸ್ಯ ಪೀಠ 2001ರಲ್ಲಿ ತಂದೆ ತೀರಿದ್ದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಕಕ್ಷಿದಾರರು ಸಂಭ್ರಮದಿಂದ ಪತ್ರಿಕೆಯ ತುಣುಕನ್ನೇ ತಂದು, ಕೂಡಲೇ ವಾದ ಮಾಡಿಸಿ ಎಂದರು. ವಕೀಲರು ಒಪ್ಪಲಿಲ್ಲ. ಸಮಬಲದ ಎರಡು ಪೀಠಗಳ ತೀರ್ಪುಗಳು ಎದುರುಬದುರು ನಿಂತಿರುವಾಗ ಒಂದನ್ನು ಹಿಡಿದು ಪಡೆದ ಗೆಲುವು ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವ ಖಾತ್ರಿ ಇಲ್ಲ ಎಂಬುದು ಅವರ ಅಭಿಪ್ರಾಯ. ಈ ನಿರ್ಧಾರ ಸರಿಯೋ ತಪ್ಪೋ ಎಂದು ನಮ್ಮ ವಕೀಲರ ಕೊಠಡಿಯಲ್ಲಿ ಇಂದಿಗೂ ಎರಡು ಮಾತಿದೆ, ಏಕೆಂದರೆ ಕಾಯುವಿಕೆಯ ಬೆಲೆ ತೆತ್ತದ್ದು ಕಕ್ಷಿದಾರರು. ಮಾವಿನ ಫಸಲು ಅಷ್ಟೂ ವರ್ಷ ಅಣ್ಣತಮ್ಮಂದಿರ ಕೈಯಲ್ಲೇ ಉಳಿಯಿತು.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಪ್ರಶ್ನೆಯನ್ನು ಇತ್ಯರ್ಥಪಡಿಸಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಿಲ್ಲ. ಹಳೆಯ ಕಲಮಿನ ಕಾಲ್ಪನಿಕ ವಿಭಾಗ ನಿಜವಾದ ವಿಭಾಗವಲ್ಲ. ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ ಆಗಿದ್ದರೂ, ಪಾಲನ್ನು ಬಿಡಿಸಿಕೊಡುವ ಅಂತಿಮ ಡಿಕ್ರಿಯ ಹಂತದಲ್ಲಿ ಅಥವಾ ಮೇಲ್ಮನವಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಡಬೇಕು. ಫೂಲವತಿ ತೀರ್ಪು ರದ್ದಾಯಿತು. ಮೇಲ್ನೋಟಕ್ಕೆ ನಮ್ಮ ಪ್ರಕರಣ ಅಲ್ಲಿಗೆ ಮುಗಿದಂತೆಯೇ ಕಂಡಿತು.

ಮುಗಿಯದ ಪ್ರಶ್ನೆ

ಅದೇ ತೀರ್ಪಿನ ಅದೇ ಸಮಾರೋಪದ ಕೊನೆಯ ಉಪಪ್ಯಾರಾ ಬಾಯಿಮಾತಿನ ವಿಭಾಗದ ಬಗ್ಗೆ ಮಾತಾಡುತ್ತದೆ. ಆರನೇ ಕಲಮಿನ ಐದನೇ ಉಪಕಲಮಿನ ವಿವರಣೆಯ ಪ್ರಕಾರ ವಿಭಾಗವೆಂದರೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗ; ಆದ್ದರಿಂದ ಬಾಯಿಮಾತಿನ ವಿಭಾಗದ ವಾದವನ್ನು ಸಾಮಾನ್ಯವಾಗಿ ಒಪ್ಪುವಂತಿಲ್ಲ. ಆದರೆ ಅಪವಾದದ ಸಂದರ್ಭದಲ್ಲಿ, ಆ ವಾದಕ್ಕೆ ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ವಿಭಾಗವು ನ್ಯಾಯಾಲಯದ ಡಿಕ್ರಿಯಿಂದಲೇ ಆದಂತೆ ಅಂತಿಮವಾಗಿ ತೋರಿಬಂದರೆ, ಒಪ್ಪಬಹುದು. ಕೇವಲ ಮೌಖಿಕ ಸಾಕ್ಷ್ಯದ ಮೇಲೆ ನಿಂತ ವಾದವನ್ನು ತಳ್ಳಿಹಾಕಲೇಬೇಕು. ಮಗಳ ಪರ ವಕೀಲರು ಮೊದಲ ಮತ್ತು ಕೊನೆಯ ಮಾತನ್ನು ಓದಬಹುದು; ಗಂಡುಮಕ್ಕಳ ಪರ ವಕೀಲರು ನಡುವಿನದನ್ನು. 2022ರಲ್ಲಿ ವಾದ ಆರಂಭವಾದಾಗ ಆದದ್ದೂ ಅದೇ.

ಅಣ್ಣತಮ್ಮಂದಿರ ಕಡೆಯವರು ದಪ್ಪನೆಯ ಸೈಟೇಷನ್ ಪುಸ್ತಕವನ್ನೇ ಸಲ್ಲಿಸಿದ್ದರು. ಅದರಲ್ಲಿ ಫೂಲವತಿಯನ್ನು ಅನುಸರಿಸಿದ್ದ ತೀರ್ಪುಗಳೂ ಇದ್ದವು. ಬೇರು ಕಡಿದ ಮೇಲೆ ಕೊಂಬೆಗಳನ್ನು ಎಣಿಸಿ ಪ್ರಯೋಜನವಿಲ್ಲವಷ್ಟೆ, ಅವುಗಳಿಗೆ ಪ್ರತ್ಯೇಕ ಉತ್ತರವೇ ಬೇಕಾಗಲಿಲ್ಲ. ಅವರ ನಿಜವಾದ ಬಲ ಎರಡು ಕಡೆ ಇತ್ತು. ಒಂದು, 1976ರ ಕಾಳೆ ವಿರುದ್ಧ ಡೆಪ್ಯುಟಿ ಡೈರೆಕ್ಟರ್ ಆಫ್ ಕನ್ಸಾಲಿಡೇಷನ್ ತೀರ್ಪು. ಕೌಟುಂಬಿಕ ಏರ್ಪಾಡು ಬಾಯಿಮಾತಿನಲ್ಲೂ ಆಗಬಹುದು, ಹಾಗಾದಾಗ ನೋಂದಣಿ ಬೇಕಿಲ್ಲ ಎಂದು ಹೇಳಿದ್ದು ಅದು. ಅದೂ ತ್ರಿಸದಸ್ಯ ಪೀಠದ್ದೇ. ಇನ್ನೊಂದು, ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು. ಹಕ್ಕುದಾಖಲೆಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ಸರಿಯೆಂದೇ ಭಾವಿಸಬೇಕೆಂದು ಅದು ಹೇಳುತ್ತದೆ. ಇವೆರಡನ್ನೂ ವಿನೀತಾ ಶರ್ಮಾ ತೀರ್ಪಿನ ಅಪವಾದದ ಜೊತೆ ಜೋಡಿಸಿದರೆ ವಾದ ದುರ್ಬಲವೇನಲ್ಲ.

ಕೈಗೊಂಡ ಕ್ರಮಗಳು

ಮಗಳ ಪರ ಕಚೇರಿಯಲ್ಲಿ ಕಿರಿಯ ವಕೀಲರು ಮೊದಲು ಸಿದ್ಧಪಡಿಸಿದ್ದ ಮೆಮೊದಲ್ಲಿ ಇಪ್ಪತ್ತಕ್ಕೂ ಮಿಕ್ಕ ತೀರ್ಪುಗಳಿದ್ದವು. ಬಹುಪಾಲು ವಿನೀತಾ ಶರ್ಮಾ ತೀರ್ಪನ್ನು ಅನುಸರಿಸಿದ ಹೈಕೋರ್ಟ್ ತೀರ್ಪುಗಳು. ಅಂದರೆ ಯಾರೂ ಅಲ್ಲಗಳೆಯದ ಮಾತನ್ನೇ ಮತ್ತೆ ಮತ್ತೆ ಹೇಳುವಂಥವು. ಹಿರಿಯ ವಕೀಲರು ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿದರು. ಪ್ರಧಾನ ತೀರ್ಪಾದ ವಿನೀತಾ ಶರ್ಮಾ ಒಂದು. ಪ್ರಾಥಮಿಕ ಡಿಕ್ರಿಯ ನಂತರವೂ ಬದಲಾದ ಕಾನೂನಿನಂತೆ ಪಾಲುಗಳನ್ನು ತಿದ್ದಬಹುದೆಂಬುದಕ್ಕೆ 2011ರ ಗಂಡೂರಿ ಕೋಟೇಶ್ವರಮ್ಮ ತೀರ್ಪು. ಮ್ಯುಟೇಷನ್ (ಖಾತೆ ಬದಲಾವಣೆ) ನಮೂದು ಹಕ್ಕನ್ನು ಸೃಷ್ಟಿಸದು ಎಂಬುದಕ್ಕೆ 1996ರ ಸಾವರ್ಣಿ ವಿರುದ್ಧ ಇಂದರ್ ಕೌರ್. ನಾಲ್ಕನೆಯದು ಎದುರಾಳಿಗಳದೇ ಆದ ಕಾಳೆ ತೀರ್ಪು. ಈ ಕೊನೆಯ ಆಯ್ಕೆಗೆ ಕಿರಿಯರು ಅಚ್ಚರಿಪಟ್ಟರು. ನಮಗೆ ವಿರುದ್ಧವಾದ ತೀರ್ಪನ್ನು ನಾವೇ ಮುಂದಿಡುವುದೇ?

ಇದಕ್ಕೆ ಎರಡು ಕಾರಣಗಳಿದ್ದವು. ನ್ಯಾಯಾಲಯವನ್ನು ದಾರಿ ತಪ್ಪಿಸದಿರುವುದು ವಕೀಲನ ಕರ್ತವ್ಯ. ಪ್ರಶ್ನೆಗೆ ನೇರ ಸಂಬಂಧವಿರುವ, ತನಗೆ ತಿಳಿದಿರುವ ವಿರುದ್ಧ ತೀರ್ಪನ್ನು ಮರೆಮಾಚಿ ವಾದಿಸುವುದು ಆ ಕರ್ತವ್ಯಕ್ಕೆ ಹೊಂದುವುದಿಲ್ಲ. ಎರಡನೆಯದು ವಾದದ ಹೂಟಕ್ಕೆ ಸಂಬಂಧಿಸಿದ್ದು. ಎದುರಾಳಿ ಓದಿದ ಮೇಲೆ ಉತ್ತರ ಕೊಟ್ಟರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಮೊದಲೇ ತಾನಾಗಿ ಓದಿ, ಅದು ಯಾವ ಪ್ರಶ್ನೆಯನ್ನು ತೀರ್ಮಾನಿಸಿತು, ಯಾವುದನ್ನು ತೀರ್ಮಾನಿಸಲಿಲ್ಲ ಎಂದು ತೋರಿಸಿಬಿಟ್ಟರೆ ಎದುರಾಳಿ ಅದನ್ನು ಓದುವಾಗ ನ್ಯಾಯಾಧೀಶರ ಮನಸ್ಸಿನಲ್ಲಿ ಆ ಭೇದ ಆಗಲೇ ನೆಲೆಯಾಗಿರುತ್ತದೆ. ಕಾಳೆ ಪ್ರಕರಣದ ಮುಂದಿದ್ದುದು ಕೌಟುಂಬಿಕ ಏರ್ಪಾಡಿಗೆ ನೋಂದಣಿ ಬೇಕೇ ಎಂಬ ಪ್ರಶ್ನೆ. ಹೆಣ್ಣುಮಕ್ಕಳ ಹಕ್ಕನ್ನು ಸೋಲಿಸಲು ಎಂಥ ವಿಭಾಗ ಸಾಕು ಎಂದು ಶಾಸನವೇ ವ್ಯಾಖ್ಯೆ ಕೊಟ್ಟದ್ದು 2005ರಲ್ಲಿ. 1976ರ ಪೀಠ ಆ ವ್ಯಾಖ್ಯೆಯನ್ನು ಪರಿಶೀಲಿಸಿರಲು ಸಾಧ್ಯವೇ ಇಲ್ಲ. ಎರಡೂ ಪೀಠಗಳು ಸಮಬಲದವು ಎಂಬುದು ನಿಜವಾದರೂ ಅವು ಉತ್ತರಿಸಿದ ಪ್ರಶ್ನೆಗಳು ಬೇರೆಯಾದ್ದರಿಂದ ತಿಕ್ಕಾಟವೇ ಇಲ್ಲ. ತೀರ್ಪೊಂದರ ವಾಕ್ಯಗಳನ್ನು ಶಾಸನದ ಕಲಮಿನಂತೆ ಓದಬಾರದು, ಅದರ ವಾಸ್ತವಾಂಶಗಳು ಕೈಲಿರುವ ಪ್ರಕರಣಕ್ಕೆ ಹೇಗೆ ಹೊಂದುತ್ತವೆಂದು ಹೇಳದೆ ಆಧರಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2004ರ ಭಾರತ್ ಪೆಟ್ರೋಲಿಯಂ ವಿರುದ್ಧ ವೈರಮಣಿ ಪ್ರಕರಣದಲ್ಲಿ ಹೇಳಿರುವುದೂ ಇದನ್ನೇ. ಆ ತೀರ್ಪನ್ನು ಅವರು ಪಟ್ಟಿಗೆ ಸೇರಿಸಲಿಲ್ಲ. ವಿಧಾನವನ್ನು ಪಾಲಿಸಿದರು, ಅಷ್ಟೆ.

ಇನ್ನೊಂದು ಕೆಲಸ ಮೇಲ್ನೋಟಕ್ಕೆ ಗುಮಾಸ್ತರದ್ದೆನಿಸಬಹುದು, ಆದರೆ ಪ್ರಕರಣದ ಗತಿ ಬದಲಾದದ್ದು ಅದರಿಂದಲೇ. ಹಿರಿಯರು ವಿನೀತಾ ಶರ್ಮಾ ತೀರ್ಪಿನ ಆ ಉಪಪ್ಯಾರಾವನ್ನು ತುಂಡು ತುಂಡಾಗಿ ಬಿಡಿಸಿ ಒಂದು ಕೋಷ್ಟಕ ಮಾಡಿಸಿದರು. ಎಡಗಡೆ ಅಪವಾದದ ಒಂದೊಂದು ಷರತ್ತು. ಬಲಗಡೆ ಆ ಷರತ್ತಿಗೆ ಸಂಬಂಧಿಸಿದ ನಿಶಾನೆಯ (ಸಾಕ್ಷ್ಯವಾಗಿ ಗುರುತಿಸಿದ ದಾಖಲೆಯ) ನಂಬರು. ಸಾರ್ವಜನಿಕ ದಾಖಲೆ ಎಂಬ ಸಾಲನ್ನು ತುಂಬಬೇಕಾದರೆ ಪ್ರತಿವಾದಿಗಳ ಕಡೆಯಿಂದ ಗುರುತಾದ ಡಿ ಸರಣಿಯ ನಿಶಾನೆಗಳನ್ನೆಲ್ಲ ಓದಲೇಬೇಕಾಯಿತು.

ಪಹಣಿಗಳನ್ನು ಎಲ್ಲರೂ ನೋಡಿದ್ದರು. ಒಂಬತ್ತನೇ ಕಾಲಂನಲ್ಲಿ ಅಣ್ಣತಮ್ಮಂದಿರ ಹೆಸರು ಬೇರೆ ಬೇರೆಯಾಗಿ, ಪಕ್ಕದಲ್ಲಿ ಒಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದ ಪಹಣಿಗಳವು. ಆ ನಂಬರಿನ ಹಿಂದೆ ಏನಿದೆಯೆಂದು ಅವು ಬಿಡಿಸಿ ಹೇಳುತ್ತಿರಲಿಲ್ಲ. ಆದರೆ ಒಂದನೇ ಪ್ರತಿವಾದಿ ತಮ್ಮ ಮುಖ್ಯ ವಿಚಾರಣೆಯಲ್ಲಿ ಹತ್ತಾರು ಕಂದಾಯ ರಸೀದಿಗಳ ಜೊತೆಗೆ ಆ ಎಂ.ಆರ್.ನ ಕೈಬರಹದ ದೃಢೀಕೃತ ನಕಲನ್ನೂ ತಾವೇ ಗುರುತು ಮಾಡಿಸಿದ್ದರು. ಅದರ ದಿನಾಂಕ ತಂದೆ ತೀರಿದ ನಂತರದ್ದು. ಹಕ್ಕು ಬದಲಾವಣೆಯ ಕಾರಣದ ಜಾಗದಲ್ಲಿ ವಿಭಾಗ ಎಂದಿರಲಿಲ್ಲ, ಪೌತಿ, ಅಂದರೆ ಖಾತೆದಾರರ ಮರಣ, ಎಂದಿತ್ತು. ಜೊತೆಗಿದ್ದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳಿಬ್ಬರ ಹೆಸರೂ ಇದ್ದು, ಮದುವೆಯಾಗಿ ಗಂಡನ ಮನೆಯಲ್ಲಿದ್ದಾರೆಂದು ಬರೆದಿತ್ತು. ತಂದೆ ತೀರುವವರೆಗಿನ ಕಂದಾಯ ರಸೀದಿಗಳೆಲ್ಲ ಇಡೀ ಜಮೀನಿಗೆ ತಂದೆಯ ಹೆಸರಿನಲ್ಲೇ ಇದ್ದವು.

ವಿಚಾರಣಾ ನ್ಯಾಯಾಲಯದಲ್ಲಿ ಈ ಬಗ್ಗೆ ಪಾಟೀ ಸವಾಲಿನಲ್ಲಿ ಒಂದು ಪ್ರಶ್ನೆಯೂ ಬಂದಿರಲಿಲ್ಲ. ಆಗ ಚರ್ಚೆಯೆಲ್ಲ ಪಂಚಾಯ್ತಿದಾರರ ಮಾತಿನ ಸುತ್ತಲೇ ಇದ್ದುದರಿಂದ ಅದು ಅಸಹಜವೂ ಅಲ್ಲ.

ವಾದದ ದಿನಗಳು

ಮಗಳ ಪರ ವಕೀಲರು ತೀರ್ಪಿನಿಂದ ಆರಂಭಿಸಲಿಲ್ಲ. ಮೊದಲು ಕಲಮು, ಅದರ ವಿವರಣೆ, ಆಮೇಲೆ ಒಪ್ಪಿತ ಸಂಗತಿಗಳು, ಆಮೇಲಷ್ಟೇ ತೀರ್ಪು. ಆ ಉಪಪ್ಯಾರಾವನ್ನು ಓದುವಾಗ ತಮಗೆ ತೊಡಕಾಗುವ ನಡುವಿನ ಮಾತನ್ನೂ ಬಿಡದೆ ಪೂರ್ತಿ ಓದಿದರು.

ಓದುವಾಗ ಒಂದು ಸಣ್ಣ ಗೊಂದಲವೂ ಆಯಿತು. ಅವರ ಕೈಲಿದ್ದ ಎಸ್‌ಸಿಸಿ ಎಂಬ ತೀರ್ಪು ಸಂಕಲನದ ವರದಿಯಲ್ಲಿ ಸಮಾರೋಪ 137ನೇ ಪ್ಯಾರಾ. ಅಣ್ಣತಮ್ಮಂದಿರ ಪರ ವಕೀಲರ ಬಳಿಯಿದ್ದ ಮೂಲ ತೀರ್ಪಿನ ಪ್ರತಿಯಲ್ಲಿ 129ನೇ ಪ್ಯಾರಾ. ನ್ಯಾಯಾಧೀಶರು ಒಂದರ ನಂಬರು ಹಿಡಿದು ಇನ್ನೊಂದರಲ್ಲಿ ಹುಡುಕತೊಡಗಿದರೆ ವಾದದ ಓಟವೇ ಮುರಿಯುತ್ತದೆ. ಕೋಷ್ಟಕದಲ್ಲಿ ಎರಡೂ ನಂಬರುಗಳನ್ನು ಬರೆದಿದ್ದರಿಂದ ಅಷ್ಟಕ್ಕೇ ನಿಂತಿತು. ಈಗ ಸರ್ವೋಚ್ಚ ನ್ಯಾಯಾಲಯದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಅಧಿಕೃತ ವರದಿ ಎಲ್ಲರಿಗೂ ಉಚಿತವಾಗಿ ಸಿಗುವುದರಿಂದ ಎರಡೂ ಕಡೆಯವರು ಅದೊಂದರ ಪ್ಯಾರಾ ನಂಬರನ್ನೇ ಬಳಸುವುದು ಒಳ್ಳೆಯದು.

ಎದುರು ವಾದ ಚೆನ್ನಾಗಿಯೇ ನಡೆಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಪಹಣಿ, ಬೇರೆ ಬೇರೆ ಬೆಳೆಸಾಲ, ಬೇರೆ ಬೇರೆ ಕೊಳವೆಬಾವಿ. ಇದಕ್ಕಿಂತ ಹೆಚ್ಚಿನ ಸಾರ್ವಜನಿಕ ದಾಖಲೆ ಇನ್ನೇನು ಬೇಕು ಎಂದು ಅವರು ಕೇಳಿದರು. ನ್ಯಾಯಾಧೀಶರು ಮಗಳ ಪರ ವಕೀಲರತ್ತ ತಿರುಗಿ, "ದಾಖಲೆಗಳಂತೂ ಇವೆಯಲ್ಲ ವಕೀಲರೇ, ಅಪವಾದಕ್ಕೆ ಇನ್ನೇನು ಕೊರತೆ?" ಎಂದರು. ನನ್ನ ಅಭಿಪ್ರಾಯದಲ್ಲಿ ಇಡೀ ಮೇಲ್ಮನವಿ ನಿಂತದ್ದು ಈ ಪ್ರಶ್ನೆಗೆ ಬಂದ ಉತ್ತರದ ಮೇಲೆ. ವಕೀಲರು ಇನ್ನೊಂದು ತೀರ್ಪನ್ನು ತೆಗೆಯಲಿಲ್ಲ. "ಸ್ವಾಮಿ, ದಾಖಲೆ ಇದೆ, ಆದರೆ ಅದು ವಿಭಾಗದ ದಾಖಲೆಯಲ್ಲ" ಎಂದು ಹೇಳಿ ಎಂ.ಆರ್. ನಕಲನ್ನು ಓದಿಸಿದರು. ತೀರ್ಪು ಕೇಳುವುದು ಯಾವುದೋ ಒಂದು ಸಾರ್ವಜನಿಕ ದಾಖಲೆಯನ್ನಲ್ಲ, ಹೇಳಿಕೊಂಡ ವಿಭಾಗವನ್ನು ಬೆಂಬಲಿಸುವ ದಾಖಲೆಯನ್ನು. 1996ರಲ್ಲಿ ವಿಭಾಗವಾಗಿದ್ದರೆ ತಂದೆಯ ಮರಣದ ನಂತರ ಅವರ ಹೆಸರಿನಿಂದ ಪೌತಿಯ ಮೇಲೆ ಖಾತೆ ಬದಲಾಗುವ ಪ್ರಮೇಯವೇ ಇರಲಿಲ್ಲ. 133ನೇ ಕಲಮಿನ ಪೂರ್ವಭಾವನೆಯನ್ನೂ ಅವರು ಅಲ್ಲಗಳೆಯಲಿಲ್ಲ. ಆ ನಮೂದನ್ನು ಸರಿಯೆಂದೇ ಭಾವಿಸೋಣ, ಹಾಗೆ ಭಾವಿಸಿದರೆ ಅದು ಹೇಳುವುದು ಉತ್ತರಾಧಿಕಾರವನ್ನೇ ಹೊರತು ವಿಭಾಗವನ್ನಲ್ಲ ಎಂದರು.

ಪಾಟೀ ಸವಾಲಿನಲ್ಲಿ ಕೇಳದ ವಿಷಯವನ್ನು ಮೇಲ್ಮನವಿಯಲ್ಲಿ ಎತ್ತಬಾರದೆಂಬ ಆಕ್ಷೇಪಣೆ ಬಂತು. ಪ್ರತಿವಾದಿಗಳೇ ಹಾಜರುಪಡಿಸಿ ಆಧರಿಸಿದ ದಾಖಲೆಯ ಮುಖದ ಮೇಲೇ ಇರುವ ನಮೂದನ್ನು ಓದಲು ಪಾಟೀ ಸವಾಲಿನ ಅಗತ್ಯವಿಲ್ಲವೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಮತ್ತೊಂದು ನಿರ್ಧಾರ 2002ರ ಮಾರಾಟದ ಬಗೆಗಿನದು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪರಭಾರೆಗಳನ್ನು ಆರನೇ ಕಲಮಿನ ಮೊದಲ ಉಪಕಲಮಿನ ಪರಂತುಕ (ಅಪವಾದ ಹೇಳುವ ಭಾಗ) ರಕ್ಷಿಸುತ್ತದೆ. ಮಗಳ ಪರ ವಕೀಲರು ವಾದದ ಆರಂಭದಲ್ಲೇ ಒಂದು ಮೆಮೊ ಸಲ್ಲಿಸಿ, ಆ ಸರ್ವೆ ನಂಬರಿನಲ್ಲಿ ಕಾಲು ಭಾಗವನ್ನು ಕೇಳುವುದಿಲ್ಲ, ತಂದೆಯ ಉತ್ತರಾಧಿಕಾರದಿಂದ ಬಂದ ಹನ್ನೆರಡನೇ ಒಂದು ಭಾಗವನ್ನಷ್ಟೇ ಕೇಳುತ್ತೇವೆ, ಅದನ್ನೂ ಖರೀದಿದಾರರಿಗೆ ತೊಂದರೆಯಾಗದಂತೆ ಮಾರಿದ ಮಗನ ಪಾಲಿನಲ್ಲಿ ಸರಿಹೊಂದಿಸಲಿ ಎಂದು ತಿಳಿಸಿದರು. ಕಕ್ಷಿದಾರರಿಗೆ ಇದು ಅಷ್ಟು ರುಚಿಸಲಿಲ್ಲ. ಆದರೆ ತಾನು ಆಧರಿಸುವ ಕಲಮು ತನಗೆ ಎಲ್ಲಿ ಸಹಾಯ ಮಾಡದೆಂದು ತಾನೇ ಹೇಳುವ ವಕೀಲನ ಉಳಿದ ಓದನ್ನು ನ್ಯಾಯಾಧೀಶರು ಹೆಚ್ಚು ನಂಬಿಕೆಯಿಂದ ಕೇಳುತ್ತಾರೆ ಎಂಬುದನ್ನು ಆ ಸಭಾಂಗಣದಲ್ಲಿ ಕುಳಿತವರು ಕಂಡರು.

ಫಲಿತಾಂಶ ಮತ್ತು ಅದರ ಓದು

ಮೇಲ್ಮನವಿ ಪುರಸ್ಕೃತವಾಯಿತು, ಅಡ್ಡ ಆಕ್ಷೇಪಣೆ ವಜಾ ಆಯಿತು. ನಾಲ್ವರು ಮಕ್ಕಳಿಗೂ ತಲಾ ಕಾಲು ಭಾಗ, ಮಾರಾಟವಾದ ಜಮೀನಿಗೆ ಮೆಮೊದಲ್ಲಿ ಕೇಳಿದಂತೆ ಸರಿಹೊಂದಾಣಿಕೆ. ಎರಡನೇ ಮೇಲ್ಮನವಿ ದಾಖಲಾಗಲಿಲ್ಲ.

ತೀರ್ಪಿನಲ್ಲಿ ನ್ಯಾಯಾಧೀಶರು ವಿಸ್ತಾರವಾಗಿ ಚರ್ಚಿಸಿದ್ದು ವಿನೀತಾ ಶರ್ಮಾ ಮತ್ತು ಕಾಳೆ, ಇವೆರಡನ್ನೇ. ಗಂಡೂರಿ ಕೋಟೇಶ್ವರಮ್ಮ ತೀರ್ಪಿಗೆ ಒಂದು ವಾಕ್ಯ ಸಿಕ್ಕಿತು. ಮ್ಯುಟೇಷನ್ ಹಕ್ಕನ್ನು ಸೃಷ್ಟಿಸದೆಂಬ ತೀರ್ಪಿನ ಉಲ್ಲೇಖವೇ ಇಲ್ಲ, ಎಂ.ಆರ್.ನ ಒಕ್ಕಣೆಯೇ ಸಾಕಾದ್ದರಿಂದ ಆ ತತ್ತ್ವದವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಎದುರು ಪಕ್ಷದ ದಪ್ಪ ಪುಸ್ತಕದ ಬಹುಪಾಲು, ಉಲ್ಲೇಖಿಸಲಾದ ಇತರ ತೀರ್ಪುಗಳು ಈ ಪ್ರಕರಣದ ಸಂಗತಿಗಳಿಗೆ ಅನ್ವಯಿಸುವುದಿಲ್ಲ ಎಂಬ ಒಂದೇ ಸಾಲಿನಲ್ಲಿ ಮುಗಿಯಿತು. ಈ ಸಾಲು ನಮ್ಮ ತೀರ್ಪುಗಳಲ್ಲಿ ಎಷ್ಟು ಸಾಮಾನ್ಯವೆಂದು ವಕೀಲರೆಲ್ಲರಿಗೂ ಗೊತ್ತು, ಆದರೂ ಪಟ್ಟಿಗಳು ಚಿಕ್ಕದಾಗುವುದಿಲ್ಲ.

ಈ ಪ್ರಕರಣದಿಂದ ತೀರಾ ದೊಡ್ಡ ನಿಯಮ ತೆಗೆಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ಆ ಎಂ.ಆರ್.ನಲ್ಲಿ ಪೌತಿಯ ಬದಲು ವಿಭಾಗ ಎಂದಿದ್ದು, ಅದರ ದಿನಾಂಕ 1996ರದ್ದಾಗಿದ್ದರೆ, ಇದೇ ಉಪಪ್ಯಾರಾ ಅಣ್ಣತಮ್ಮಂದಿರ ಕಡೆ ವಾಲಬಹುದಿತ್ತು. ಡಿಕ್ರಿಯಿಂದಲೇ ಆದಂತೆ ಎಂಬ ಮಾತು ಎಷ್ಟು ಎತ್ತರದ ಅಳತೆಗೋಲು ಎಂಬುದರ ಮೇಲೆ ನಿಜವಾದ ಜಗಳ ಅಲ್ಲಿ ನಡೆಯುತ್ತಿತ್ತು. ಅಂಥ ಕಡತ ಕೈಗೆ ಬಂದಾಗ ಮಗಳ ಪರ ವಕೀಲರು ಸಮಪಾಲಿನ ಕೋರಿಕೆಯೊಂದನ್ನೇ ನೆಚ್ಚದೆ, ವಿಭಾಗವನ್ನು ಒಪ್ಪಿದರೂ ತಂದೆಯ ಪಾಲು ಎಲ್ಲಿ ಹೋಯಿತು, ಅದನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರೆಂಬುದಕ್ಕೆ ನೋಂದಾಯಿತ ಪತ್ರ ಎಲ್ಲಿದೆ ಎಂಬ ಪ್ರಶ್ನೆಯನ್ನೆತ್ತಿ, ಹನ್ನೆರಡನೇ ಒಂದು ಭಾಗಕ್ಕೆ ಪರ್ಯಾಯ ಕೋರಿಕೆಯನ್ನು ದಾವಾ ಪತ್ರದಲ್ಲೇ ಬರೆದಿರಬೇಕಾಗುತ್ತದೆ.